ಹೆಸರು ಒಂದು, ಮೀನು ಮತ್ತೊಂದು
ಗಾಜಿನ ತೊಟ್ಟಿಯ ಕಿರು ಸಿಕ್ಲಿಡ್‌ಗಳನ್ನು ಗುರುತಿಸುವ ಬಗೆ

ಮುಂಬಯಿಯಿಂದ ನಾಸಿಕಕ್ಕೆ ಹೋಗುವ ಹೆದ್ದಾರಿಯಲ್ಲಿ ನಮ್ಮವರ ಉಪಾಹಾರಗೃಹವೊಂದನ್ನು ಹೊಕ್ಕರೆ, ಗಲ್ಲಾಪೆಟ್ಟಿಗೆಯ ಬಳಿ ದೇವರ ಪಟ, ಊದುಬತ್ತಿ, ಸೋಂಪಿನ ತಟ್ಟೆ ಇವುಗಳ ಜೊತೆಗೆ ಗಾಜಿನ ತೊಟ್ಟಿಯೊಂದು ಕಣ್ಣಿಗೆ ಬೀಳುವುದು ಈಗ ಅಪೂರ್ವವಲ್ಲ. ಮಾಲಕರ ತೊಟ್ಟಿ ಕೆಳಗಡೆ ಇದ್ದರೆ, ಮೇಲಿನ ಅಟ್ಟದ ಕೋಣೆಯಲ್ಲಿ ಕೆಲಸದ ಹುಡುಗರದ್ದೊಂದು ಚಿಕ್ಕ ತೊಟ್ಟಿ ಇರುವುದೂ ಉಂಟು. ಬ್ಯಾಂಕು, ರೈಲ್ವೆ, ಪೋಸ್ಟಾಫೀಸುಗಳಲ್ಲಿ ದುಡಿಯುವ ನಮ್ಮ ಬಂಧುಗಳು ತಮ್ಮ ಒಂದೂವರೆ ಕೋಣೆಯ ಮನೆಯಲ್ಲಿ ದೂರದರ್ಶನದ ಪೆಟ್ಟಿಗೆಯ ಪಕ್ಕದಲ್ಲೇ ಮೀನುಗಳಿಗೂ ಸ್ಥಳ ಮಾಡಿಕೊಟ್ಟಿದ್ದಾರೆ. ಹದಿನಾಲ್ಕು ತಾಸು ದುಡಿದು ಬಂದವನಿಗೆ ಹತ್ತು ನಿಮಿಷ ನೀರೊಳಗಿನ ಜೀವಗಳನ್ನು ನೋಡುತ್ತ ಕುಳಿತುಕೊಳ್ಳುವುದು ದೊಡ್ಡ ವಿಶ್ರಾಂತಿ. ಇದನ್ನು ದುಂದುಗಾರಿಕೆಯೆಂದು ನಾವು ಎಣಿಸುವುದಿಲ್ಲ.

ಆದರೆ ಈ ಹವ್ಯಾಸದಲ್ಲಿ ನಮ್ಮವರು ಮೋಸಹೋಗುವ ಒಂದು ಜಾಗವಿದೆ. ಬೊಂಬಾಯಿ ಪೇಟೆಗಳಲ್ಲಿ, ವಿಶೇಷವಾಗಿ ಕ್ರಾಫರ್ಡ್ ಮಾರ್ಕೆಟ್ಟಿನ ಸುತ್ತಲಿನ ಅಂಗಡಿಗಳಲ್ಲಿ, ಕಿರು ಸಿಕ್ಲಿಡ್‌ಗಳೆಂಬ ಚೆಲುವಾದ ಪುಟ್ಟ ಮೀನುಗಳು ಮಾರಾಟಕ್ಕಿರುತ್ತವೆ. ಇವುಗಳಲ್ಲಿ ಒಂದನ್ನೊಂದು ಹೋಲುವ ಜಾತಿಗಳು ಹಲವು. ವ್ಯಾಪಾರದ ಹೆಸರುಗಳೋ ಗೊಂದಲದ ಗೂಡು. ನೋಟಕ್ಕೆ ಒಂದೇ ಎನಿಸಿದವು ಜಾತಿಯಲ್ಲಿ ಬೇರೆ ಬೇರೆ; ನೋಟಕ್ಕೆ ಬೇರೆ ಬೇರೆ ಎನಿಸಿದವು ಜಾತಿಯಲ್ಲಿ ಒಂದೇ. ಜಾತಿ ತಿಳಿಯದೆ ಮೀನು ತಂದವನು ಅದಕ್ಕೆ ಯಾವ ನೀರು, ಎಷ್ಟು ಬೆಚ್ಚಗೆ, ಯಾರ ಜೊತೆ ಎಂಬುದನ್ನು ತಿಳಿಯಲಾರನು. ಆಗ ಸಾಯುವುದು ಮೀನು, ಕರಗುವುದು ಸಂಬಳ. ಆದಕಾರಣ ಈ ಮೀನುಗಳನ್ನು ಪ್ರತ್ಯೇಕಿಸಿ ಗುರುತಿಸುವ ಬಗೆಯನ್ನು ಇಂದು ನಮ್ಮ ಓದುಗರ ಮುಂದಿಡುತ್ತಿದ್ದೇವೆ. ನಮ್ಮದು ಶಾಕಾಹಾರಿ ಹೊಟೇಲಾಗಿತ್ತು. ಆದರೂ ಇಗತಪುರಿಯಲ್ಲಿ ಅದನ್ನು ನಡೆಸಿದ ವರ್ಷಗಳಲ್ಲಿ ಮೀನುಗಳೊಡನೆ ನಮಗೆ ಒಳ್ಳೆಯ ಪರಿಚಯವಾಯಿತು. ಅವು ತಟ್ಟೆಯವಲ್ಲ, ತೊಟ್ಟಿಯವು.

ಇಗತಪುರಿಯ ಹವೆ

ಇಗತಪುರಿ ಸಹ್ಯಾದ್ರಿಯ ನೆತ್ತಿಯಲ್ಲಿ, ಸಮುದ್ರ ಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿರುವ ಊರು. ಕಸಾರೆಯಲ್ಲಿ ಹಿಂದೆ ಜೋಡಿಸಿದ ಇಂಜಿನುಗಳ ನೂಕುಬಲದಿಂದ ಘಾಟು ಹತ್ತಿದ ರೈಲುಗಾಡಿ ಇಲ್ಲಿ ಉಸಿರು ಬಿಡುತ್ತದೆ. ಮುಂಬಯಿಯ ಬೆವರಿನಿಂದ ಬಂದ ಪ್ರಯಾಣಿಕನು ಇಲ್ಲಿ ಇಳಿದೊಡನೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ. ಆಷಾಢ ಶ್ರಾವಣಗಳಲ್ಲಿ ದಿನಗಟ್ಟಲೆ ಸೂರ್ಯದರ್ಶನವಿಲ್ಲ. ಪುಷ್ಯ ಮಾಸದ ರಾತ್ರಿಗಳಲ್ಲಿ ಹವೆ ಹತ್ತು ಹನ್ನೆರಡು ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಗಾಜಿನ ತೊಟ್ಟಿಯ ನೀರು ಹವೆಯನ್ನೇ ನಿಧಾನವಾಗಿ ಹಿಂಬಾಲಿಸುತ್ತದೆ. ದಾದರಿನ ಚಾಳಿನಲ್ಲಿ ಬಿಸಿಯ ಕೊಳವೆ ಇಲ್ಲದೆಯೂ ಬದುಕಿಕೊಂಡ ಮೀನು ಇಲ್ಲಿ ಬದುಕುವುದೆಂಬ ಭರವಸೆಯಿಲ್ಲ. ಮೀನಿನ ಜಾತಿಯನ್ನು ತಿಳಿಯಬೇಕಾದ ಅಗತ್ಯ ಮುಂಬಯಿಯವರಿಗಿಂತ ಘಾಟಿನ ಮೇಲಿನವರಿಗೆ ಹೆಚ್ಚೆಂದು ನಾವು ಹೇಳುವುದು ಇದಕ್ಕೇ.

ಸಿಕ್ಲಿಡ್ ಎಂದರೇನು?

ಸಿಕ್ಲಿಡ್‌ಗಳದ್ದು ಬಹು ದೊಡ್ಡ ಮನೆತನ. ಆಫ್ರಿಕಾ, ದಕ್ಷಿಣ ಮತ್ತು ಮಧ್ಯ ಅಮೆರಿಕ, ಮಡಗಾಸ್ಕರ್ ಹಾಗೂ ನಮ್ಮ ದಕ್ಷಿಣ ಭಾರತ, ಸಿಂಹಳಗಳಲ್ಲಿ ಈ ಮನೆತನ ಹರಡಿದೆ. ಹೆಚ್ಚಿನ ಮೀನುಗಳಿಗೆ ಮೂತಿಯ ಒಂದೊಂದು ಬದಿಯಲ್ಲಿ ಎರಡೆರಡು ಮೂಗಿನ ರಂಧ್ರಗಳಿದ್ದರೆ ಸಿಕ್ಲಿಡ್‌ಗೆ ಒಂದೊಂದೇ. ಮೈಯ ಪಕ್ಕದಲ್ಲಿ ಹಾಯುವ ಸೂಕ್ಷ್ಮರೇಖೆ ಸಾಮಾನ್ಯವಾಗಿ ನಡುವೆ ತುಂಡಾಗಿ, ಮೇಲೊಂದು ಕೆಳಗೊಂದು ಭಾಗವಾಗಿರುತ್ತದೆ. ಇವೆಲ್ಲಕ್ಕಿಂತ ದೊಡ್ಡ ಲಕ್ಷಣವೆಂದರೆ ಸಂಸಾರನಿಷ್ಠೆ: ಮೊಟ್ಟೆಯಿಟ್ಟು ಮರೆತುಬಿಡುವ ಮೀನುಗಳಲ್ಲ ಇವು, ಮೊಟ್ಟೆಯನ್ನೂ ಮರಿಯನ್ನೂ ಕಾವಲಿದ್ದು ಸಾಕುತ್ತವೆ.

ಈ ಮನೆತನದಲ್ಲಿ ಬೆಳೆದು ನಿಂತಾಗ ಸುಮಾರು ಹತ್ತು ಸೆಂಟಿಮೀಟರಿಗೆ ಮೀರದವುಗಳನ್ನು ಕಿರು ಸಿಕ್ಲಿಡ್‌ಗಳೆಂದು ಹವ್ಯಾಸಿಗಳು ಕರೆಯುವುದು ವಾಡಿಕೆ. ಎರಡು ಅಡಿಯ ತೊಟ್ಟಿಗೆ ಇವೇ ತಕ್ಕವು. ದೊಡ್ಡ ಜಾತಿಯ ಮರಿಯನ್ನು ಕಿರು ಜಾತಿಯೆಂದು ಭ್ರಮಿಸಿ ತಂದವನು ಆರು ತಿಂಗಳಲ್ಲಿ ಪಶ್ಚಾತ್ತಾಪಪಡುತ್ತಾನೆ.

ಅಂಗಿಯಲ್ಲ, ನಡಿಗೆ

ಗುರುತಿಸುವ ವಿದ್ಯೆಯ ಮೊದಲನೆಯ ಪಾಠವನ್ನು ಹೊಟೇಲಿನವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ದಿನಾಲೂ ಬರುವ ಗಿರಾಕಿ ಇಂದು ಅಂಗಿ ಬದಲಾಯಿಸಿ ಬಂದನೆಂದು ಗಲ್ಲಾದ ಮೇಲಿರುವವನು ಅವನನ್ನು ಗುರುತಿಸದೆ ಇರುವನೇ? ನಡಿಗೆ, ಎತ್ತರ, ಭುಜದ ಬಾಗು ಇವನ್ನು ನೋಡಿ ಬಾಗಿಲಲ್ಲೇ ಗುರುತು ಹಿಡಿಯುತ್ತಾನೆ. ಮೀನಿನ ಬಣ್ಣ ಅದರ ಅಂಗಿ. ಹೆದರಿದಾಗ ಅದು ಮಾಸುತ್ತದೆ, ಚೀಲದಲ್ಲಿ ಪ್ರಯಾಣ ಮಾಡಿ ಬಂದಾಗ ಮಾಯವಾಗುತ್ತದೆ, ಮರಿಗಳ ಕಾಲದಲ್ಲಿ ಉಜ್ವಲವಾಗುತ್ತದೆ, ಸಾಕುವವರ ಆಯ್ಕೆಯಿಂದ ತಲೆಮಾರಿಗೊಮ್ಮೆ ಬದಲಾಗುತ್ತದೆ. ಬೆನ್ನುರೆಕ್ಕೆಯ ಆಕಾರ, ಬಾಲದ ಅಂಚು, ಮೈಯ ಉದ್ದಗಲ, ಕಪ್ಪು ಗುರುತುಗಳ ಸ್ಥಾನ ಇವು ಅದರ ನಡಿಗೆ. ಆದ್ದರಿಂದ ಮೊದಲು ಆಕಾರ, ಅನಂತರ ರೆಕ್ಕೆ, ಆಮೇಲೆ ಗುರುತು, ಕಟ್ಟಕಡೆಗೆ ಬಣ್ಣ ಎಂಬ ಕ್ರಮದಲ್ಲಿ ನೋಡತಕ್ಕದ್ದು.

ರಾಮ್ ಎಂಬ ಎರಡು ಮೀನುಗಳು

ಪೇಟೆಯಲ್ಲಿ ‘ರಾಮ್’ ಎಂದು ಕರೆಯಲ್ಪಡುವ ಮೀನುಗಳು ಎರಡು ಜಾತಿಯವು. ಹೆಸರಿಗೂ ಶ್ರೀರಾಮಚಂದ್ರನಿಗೂ ಸಂಬಂಧವಿಲ್ಲ. ಮೊದಲನೆಯದು ಮೈಕ್ರೊಜಿಯೋಫೇಗಸ್ ರಾಮಿರೆಜಿ. 1948ರಲ್ಲಿ ಶಾಸ್ತ್ರಜ್ಞರು ಇದನ್ನು ವರ್ಣಿಸಿ, ಮೀನು ಸಂಗ್ರಹಿಸುತ್ತಿದ್ದ ಮಾನ್ವೆಲ್ ವಿಸೆಂಟೆ ರಾಮಿರೆಜ್ ಎಂಬವರ ಹೆಸರನ್ನಿಟ್ಟರು. ‘ರಾಮ್’ ಅದರ ಮೊಟಕು. ಇದರ ತವರು ವೆನೆಜುವೆಲಾ ಮತ್ತು ಕೊಲಂಬಿಯಾಗಳ ಒರಿನೋಕೊ ಬಯಲು. ಪೇಟೆಯ ಹೆಸರು ‘ಜರ್ಮನ್ ರಾಮ್’. ಜರ್ಮನಿಯ ನದಿಗಳಲ್ಲಿ ಇದು ಇಲ್ಲವೇ ಇಲ್ಲ. ಎರಡನೆಯದು ಮೈಕ್ರೊಜಿಯೋಫೇಗಸ್ ಆಲ್ಟಿಸ್ಪಿನೋಸಸ್, 1911ರಲ್ಲಿ ವರ್ಣಿತವಾದದ್ದು. ಬೊಲಿವಿಯಾ ಮತ್ತು ಅದಕ್ಕೆ ತಾಗಿದ ಬ್ರೆಜಿಲ್ ಪ್ರದೇಶದ ಮೀನು. ಪೇಟೆಯಲ್ಲಿ ‘ಬೊಲಿವಿಯನ್ ರಾಮ್’.

ಎರಡಕ್ಕೂ ಕಣ್ಣಿನ ಮೂಲಕ ಇಳಿಯುವ ಕಪ್ಪು ಗೆರೆ, ಎರಡಕ್ಕೂ ಮೈಯ ನಡುವೆ ಕಪ್ಪು ಬೊಟ್ಟು, ಎರಡಕ್ಕೂ ಎತ್ತರದ ಬೆನ್ನುರೆಕ್ಕೆ. ಇಲ್ಲಿಯೇ ಮೋಸಹೋಗುವುದು. ವ್ಯತ್ಯಾಸವನ್ನು ಹೀಗೆ ಹಿಡಿಯಬಹುದು. ರಾಮಿರೆಜಿ ಚಿಕ್ಕದು, ಗಿಡ್ಡದು, ಐದು ಸೆಂಟಿಮೀಟರಿನ ಆಸುಪಾಸಿನದು. ಬೊಲಿವಿಯಾದ್ದು ಎಂಟರವರೆಗೆ ಬೆಳೆಯುವ, ತುಸು ನೀಳವಾದ ಮೈಯ ಮೀನು. ರಾಮಿರೆಜಿಯ ಬೆನ್ನುರೆಕ್ಕೆಯ ಮೊದಲ ಎರಡು ಮೂರು ಮುಳ್ಳುಗಳು ಕಪ್ಪಾಗಿ, ಗಂಡಿನಲ್ಲಿ ಉಳಿದವುಗಳಿಗಿಂತ ಉದ್ದವಾಗಿ ನಿಂತಿರುತ್ತವೆ, ಬಾಲ ಬೀಸಣಿಗೆಯಂತೆ. ಬೊಲಿವಿಯಾದ್ದರ ಬಾಲದ ಮೇಲಂಚು ಕೆಳಅಂಚುಗಳು ಕೆಂಪು ಛಾಯೆಯವು, ಪ್ರಾಯದ ಮೀನಿನಲ್ಲಿ ಅವು ದಾರದಂತೆ ಹಿಂದಕ್ಕೆ ಎಳೆದಿರುತ್ತವೆ. ರಾಮಿರೆಜಿಯ ಕಿವಿರುಮುಚ್ಚಳದ ಮೇಲೂ ಕಪ್ಪು ಬೊಟ್ಟಿನ ಸುತ್ತಲೂ ನೀಲಿಯ ಕಿಡಿಗಳು ಚೆಲ್ಲಿರುತ್ತವೆ. ಹೆಣ್ಣಿನ ಹೊಟ್ಟೆ ಗುಲಾಬಿ. ಬೊಲಿವಿಯಾದ್ದರ ಬೊಟ್ಟು ಬರಿಯ ಕಪ್ಪು; ಮೈ ಬೂದು ಅಥವಾ ಕಂದು, ನೀಲಿಯ ಚೆಲ್ಲಾಟವಿಲ್ಲ.

ಈ ವ್ಯತ್ಯಾಸದಿಂದ ಏನು ಬಂತು ಎಂದು ಕೇಳುವವರಿಗೆ ಒಂದು ಸಂಗತಿ ಹೇಳುತ್ತೇವೆ. ನಮ್ಮ ಹೊಟೇಲಿನಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುತ್ತಿದ್ದ ಯುವಕನೊಬ್ಬ, ಕುಂದಾಪುರದ ಕಡೆಯವನು, ಎರಡು ತಿಂಗಳ ಮೇಲುಸಂಪಾದನೆಯನ್ನು ಕೂಡಿಟ್ಟು ಮುಂಬಯಿಗೆ ಹೋಗಿ ಆರು ಮೀನು ತಂದನು. ‘ಬೊಲಿವಿಯನ್ ರಾಮ್, ಚಳಿಯನ್ನು ತಡೆಯುತ್ತದೆ’ ಎಂದು ಅಂಗಡಿಯವನು ಹೇಳಿಕೊಟ್ಟಿದ್ದನಂತೆ. ಪ್ರಯಾಣದಿಂದ ಬಿಳಚಿಕೊಂಡಿದ್ದ ಆ ಮರಿಗಳಲ್ಲಿ ನೀಲಿ ಕಾಣುತ್ತಿರಲಿಲ್ಲ. ಎರಡು ದಿನ ಕಳೆದು ಅವು ಧೈರ್ಯ ತಾಳಿದಾಗ ಕಿವಿರಿನ ಮೇಲೆ ನೀಲಿಯ ಕಿಡಿ ಹೊಳೆಯಿತು: ಆರೂ ರಾಮಿರೆಜಿಗಳು. ಬೊಲಿವಿಯಾದ್ದು 23, 24 ಡಿಗ್ರಿಯ ನೀರಿನಲ್ಲಿ ಸುಖವಾಗಿರಬಲ್ಲುದು. ರಾಮಿರೆಜಿಗೆ 27ರಿಂದ 30 ಡಿಗ್ರಿಯ ಬೆಚ್ಚನೆಯ ನೀರು ಬೇಕು. ಅದು ಡಿಸೆಂಬರಿನ ಕೊನೆಯ ವಾರ. ಹುಡುಗ ನೀರು ಕಾಯಿಸುವ ಕೊಳವೆಯನ್ನು ತರಿಸಿಕೊಳ್ಳುವ ಮೊದಲೇ ಐದು ಸತ್ತುಹೋದವು. ಅವನ ಆರೈಕೆಯಲ್ಲಿ ಕೊರತೆಯಿರಲಿಲ್ಲ, ಹೆಸರಿನಲ್ಲಿ ಕೊರತೆಯಿತ್ತು. ಅಂಗಡಿಯ ತೊಟ್ಟಿಯ ಮುಂದೆ ಬಾಲದ ಅಂಚನ್ನೂ ಮೈಯ ಗಿಡ್ಡತನವನ್ನೂ ಐದು ನಿಮಿಷ ನೋಡಿದ್ದರೆ ಎರಡು ತಿಂಗಳ ಉಳಿತಾಯವೂ ಐದು ಜೀವಗಳೂ ಉಳಿಯುತ್ತಿದ್ದವು.

ಇನ್ನು, ‘ಗೋಲ್ಡ್ ರಾಮ್’, ‘ಎಲೆಕ್ಟ್ರಿಕ್ ಬ್ಲೂ ರಾಮ್’, ಉಬ್ಬಿದ ಹೊಟ್ಟೆಯ ‘ಬಲೂನ್ ರಾಮ್’ ಎಂದು ಹೆಚ್ಚಿನ ಬೆಲೆಗೆ ಮಾರುವವುಗಳೆಲ್ಲ ಬೇರೆ ಜಾತಿಗಳಲ್ಲ. ರಾಮಿರೆಜಿಯನ್ನೇ ಆಯ್ದು ಆಯ್ದು ಸಾಕಿ ಮಾಡಿಕೊಂಡ ಬಗೆಗಳು. ಬಣ್ಣ ಏನೇ ಇರಲಿ, ನೀರಿನ ಬಿಸಿ ಅದೇ 27ಕ್ಕೆ ಮೇಲೆ ಬೇಕು. ಬಲೂನ್ ರಾಮ್‌ನ ಗಿಡ್ಡ ಬೆನ್ನು ಚೆಲುವಲ್ಲ, ವಿಕಾರ. ಅದಕ್ಕೆ ಹಣ ಕೊಡದಿರುವುದು ಲೇಸು.

ಎಪಿಸ್ಟೊಗ್ರಾಮಾ: ಗಂಡು ಸುಲಭ, ಹೆಣ್ಣು ಕಷ್ಟ

ಎಪಿಸ್ಟೊಗ್ರಾಮಾ ಎಂಬ ಕುಲದಲ್ಲಿ ದಕ್ಷಿಣ ಅಮೆರಿಕದ ತೊಂಬತ್ತಕ್ಕಿಂತ ಹೆಚ್ಚು ಜಾತಿಗಳಿವೆ. ನಮ್ಮ ಪೇಟೆಗೆ ಮುಖ್ಯವಾಗಿ ಬರುವ ಮೂರನ್ನು ಅರಿತರೆ ಸಾಕು.

ಕಾಕಟುವಾಯ್ಡಿಸ್: ಗಂಡಿನ ಬೆನ್ನುರೆಕ್ಕೆಯ ಮುಂಭಾಗದ ಕೆಲವು ಕಿರಣಗಳು ಕಾಕಟುವಾ ಗಿಳಿಯ ಜುಟ್ಟಿನಂತೆ ಮೇಲೆದ್ದಿರುತ್ತವೆ, ಹೆಸರು ಬಂದದ್ದೂ ಅದರಿಂದಲೇ. ಬಾಲಕ್ಕೆ ಮೇಲೊಂದು ಕೆಳಗೊಂದು ಎರಡು ತುದಿ. ಬಾಯಿ ದಪ್ಪ. ಕೆಂಪು ಕಿತ್ತಳೆ ಬೊಟ್ಟುಗಳು ಸಾಕಿದವರ ಆಯ್ಕೆಯಿಂದ ಹೆಚ್ಚಾದವು. ಅವುಗಳನ್ನು ನೋಡಿ ಜಾತಿ ನಿರ್ಣಯಿಸಬಾರದು.

ಆಗಸ್ಸಿಜಿ: ನೀಳವಾದ ಮೈ. ಬಾಲ ಒಂದೇ ತುದಿಯದು, ಇಸ್ಪೀಟಿನ ಎಲೆಯಂತೆ ಚೂಪು, ಅದರೊಳಗೆ ತಿಳಿಬಣ್ಣದ ಅಂಚುಗೆರೆ. ಬೆನ್ನುರೆಕ್ಕೆಗೆ ಜುಟ್ಟಿಲ್ಲ. ಮೈಯ ಉದ್ದಕ್ಕೂ ಹಾಯ್ದ ಕಪ್ಪು ಪಟ್ಟೆ ಬಾಲದೊಳಕ್ಕೂ ಮುಂದುವರಿಯುವುದು ಇದರ ಮುಖ್ಯ ಚಿಹ್ನೆ.

ಬೊರೆಲ್ಲಿ: ಮೂರರಲ್ಲಿ ಚಿಕ್ಕದು. ಬೆನ್ನುರೆಕ್ಕೆ ಎತ್ತರವಾದ ಹಾಯಿಯಂತಿದ್ದರೂ ಜುಟ್ಟಿಲ್ಲ, ಬಾಲ ದುಂಡು, ಮುಖ ಹಳದಿ, ಮೈ ನಸುನೀಲಿ. ದಕ್ಷಿಣಕ್ಕೆ, ಪರಾಗ್ವೆ ನದಿಯ ಕಡೆ, ಚಳಿಯಿರುವ ಪ್ರದೇಶದಿಂದ ಬಂದದ್ದರಿಂದ ಉಳಿದೆರಡಕ್ಕಿಂತ ತಂಪಾದ ನೀರನ್ನು ತಡೆದುಕೊಳ್ಳುತ್ತದೆ. ಘಾಟಿನ ಮೇಲಿನ ಊರುಗಳವರಿಗೆ ನಾವು ಮೊದಲು ಸೂಚಿಸುವುದು ಇದನ್ನೇ.

ಜುಟ್ಟೆದ್ದ ಬೆನ್ನು, ಎರಡು ತುದಿಯ ಬಾಲ ಎಂದರೆ ಕಾಕಟುವಾಯ್ಡಿಸ್. ಒಂದೇ ಚೂಪು ತುದಿ ಎಂದರೆ ಆಗಸ್ಸಿಜಿ. ದುಂಡು ಬಾಲ ಎಂದರೆ ಬೊರೆಲ್ಲಿ. ಗಂಡುಗಳಿಗೆ ಇಷ್ಟು ಸೂತ್ರ ಸಾಕು. ಹೆಣ್ಣುಗಳ ವಿಷಯದಲ್ಲಿ ಈ ಸೂತ್ರ ಕೈಕೊಡುತ್ತದೆ. ಹೆಣ್ಣಿಗೆ ಜುಟ್ಟಿಲ್ಲ, ತುದಿಯಿಲ್ಲ. ಮರಿಗಳ ಕಾಲದಲ್ಲಿ ಎಲ್ಲ ಜಾತಿಯ ಹೆಣ್ಣುಗಳೂ ಅರಸಿನ ಮೆತ್ತಿಕೊಂಡಂತೆ ಹಳದಿಯಾಗಿ, ಕಪ್ಪು ಗುರುತು ತಾಳಿ, ಅಕ್ಕತಂಗಿಯರಂತೆ ತೋರುತ್ತವೆ. ಅಂಗಡಿಯ ಒಂದೇ ತೊಟ್ಟಿಯಲ್ಲಿ ಎರಡು ಜಾತಿಯ ಹೆಣ್ಣುಗಳಿದ್ದರೆ ಮಾರುವವನಿಗೇ ತಿಳಿಯುವುದಿಲ್ಲ. ಆಗ ಮೈಯ ಪಟ್ಟೆ ಬಾಲದೊಳಕ್ಕೆ ಹೋಗಿದೆಯೇ, ಅಥವಾ ಬಾಲದ ಬುಡದಲ್ಲಿ ನಿಂತಿದೆಯೇ ಎಂಬುದನ್ನು ನೋಡಬೇಕು. ಅಷ್ಟರಿಂದಲೂ ನಿಶ್ಚಯವಾಗದಿದ್ದರೆ, ಒಂದೇ ಜಾತಿಯ ಗಂಡುಗಳು ಮಾತ್ರ ಇರುವ ತೊಟ್ಟಿಯಿಂದ ಹೆಣ್ಣನ್ನು ಕೊಳ್ಳುವುದು ಕ್ಷೇಮ. ಹೋಲುವ ಎರಡು ಜಾತಿಗಳನ್ನು ಒಂದೇ ತೊಟ್ಟಿಯಲ್ಲಿ ಸೇರಿಸಬಾರದು. ಬೆರಕೆ ಮರಿಗಳಾದರೆ ಅವುಗಳನ್ನು ಯಾವ ಹೆಸರಿನಿಂದ ಇನ್ನೊಬ್ಬರಿಗೆ ಕೊಡುವುದು?

ಇಲ್ಲಿ ಇನ್ನೊಂದು ವಿಚಿತ್ರ. 1996ರಲ್ಲಿ ರೋಮರ್ ಮತ್ತು ಬೈಸೆನ್‌ಹೆರ್ಟ್ಸ್ ಎಂಬ ಜರ್ಮನ್ ಶಾಸ್ತ್ರಜ್ಞರು 37 ಎಪಿಸ್ಟೊಗ್ರಾಮಾ ಜಾತಿಗಳನ್ನು ಪರೀಕ್ಷಿಸಿ, 33 ಜಾತಿಗಳಲ್ಲಿ ಮರಿ ಗಂಡಾಗುವುದು ಹೆಣ್ಣಾಗುವುದು ನೀರಿನ ಬಿಸಿಯನ್ನು ಅವಲಂಬಿಸಿದೆಯೆಂದು ಪ್ರಕಟಿಸಿದರು. ಬಿಸಿ ಹೆಚ್ಚಿದರೆ ಗಂಡು ಹೆಚ್ಚು, ತಂಪಾದರೆ ಹೆಣ್ಣು ಹೆಚ್ಚು. ಇಗತಪುರಿಯ ತೊಟ್ಟಿಯಲ್ಲಿ ಹೆಣ್ಣುಮರಿಗಳೇ ತುಂಬಿಕೊಂಡರೆ ಅದು ದೈವಲೀಲೆಯಲ್ಲ, ಘಾಟಿನ ಗಾಳಿಯ ಲೀಲೆ.

‘ಕ್ರಿಬ್’ ಅಲ್ಲದ ಕ್ರಿಬ್

ಆಫ್ರಿಕಾದಿಂದ ಬಂದ ಕಿರು ಸಿಕ್ಲಿಡ್‌ಗಳಲ್ಲಿ ‘ಕ್ರಿಬೆನ್ಸಿಸ್’ ಹೆಚ್ಚು ಪ್ರಸಿದ್ಧ. ಮಾಗಿದ ಹೆಣ್ಣಿನ ಹೊಟ್ಟೆ ನೇರಳೆಗೆಂಪಾಗಿ ಕಂಗೊಳಿಸುವುದು. ಆದರೆ ಈ ಹೆಸರೇ ತಪ್ಪು ಮನೆಗೆ ಬಂದ ಕಾಗದದಂತೆ. ಪೇಟೆಯಲ್ಲಿ ಸಿಕ್ಕುವುದು ಪೆಲ್ವಿಕಾಕ್ರೋಮಿಸ್ ಪುಲ್ಕರ್ ಎಂಬ, ನೈಜೀರಿಯಾ ಕಡೆಯ ಮೀನು. ಕ್ಯಾಮರೂನಿನ ಕ್ರಿಬಿ ಎಂಬ ಊರಿನಿಂದ ಹೆಸರು ಪಡೆದ ನಿಜವಾದ ಕ್ರಿಬೆನ್ಸಿಸ್ ಬೇರೆಯೇ ಇದೆ. ಬಹುಕಾಲ ಇನ್ನೊಂದು ಜಾತಿಯ ಹೆಸರಿನಡಿಯಲ್ಲಿ ಅಡಗಿದ್ದು, 2014ರಲ್ಲಷ್ಟೇ ಶಾಸ್ತ್ರಜ್ಞರಿಂದ ಪುನಃ ಸ್ವತಂತ್ರ ಸ್ಥಾನ ಪಡೆಯಿತು. ಶಾಸ್ತ್ರವೇ ತಿದ್ದಿಕೊಳ್ಳುತ್ತ ನಡೆದಿರುವಾಗ ಅಂಗಡಿಯ ಚೀಟಿಯನ್ನು ವೇದವಾಕ್ಯವೆಂದು ನಂಬತಕ್ಕದ್ದಲ್ಲ.

ನಮ್ಮೂರಿನ ಮೂವರು

ಇಷ್ಟು ಹೊತ್ತು ಅಮೆರಿಕ, ಆಫ್ರಿಕಾಗಳ ಮಾತಾಯಿತು. ಆದರೆ ಸಿಕ್ಲಿಡ್ ಮನೆತನದ ಮೂರು ಜಾತಿಗಳು ನಮ್ಮ ದೇಶದ ನೀರಿನಲ್ಲೇ ಹುಟ್ಟಿ ಬೆಳೆದವು. ಅವುಗಳಲ್ಲೊಂದು ನಮ್ಮ ದಕ್ಷಿಣ ಕನ್ನಡದ್ದೇ. ಇವುಗಳ ಅತ್ಯಂತ ಹತ್ತಿರದ ನಂಟರಿರುವುದು ದೂರದ ಮಡಗಾಸ್ಕರಿನಲ್ಲಿ. ಊರು ಬಿಟ್ಟು ಬಂದ ನಮ್ಮವರು ಈ ಮೂವರನ್ನು ಗುರುತಿಸಲಾರದೆ ಹೋದರೆ ಅದು ಖೇದದ ಸಂಗತಿ.

ಮೊದಲನೆಯದು ಎಟ್ರೋಪ್ಲಸ್ ಸುರಾಟೆನ್ಸಿಸ್, ಮಲೆಯಾಳಿಗಳ ಕರಿಮೀನು. 1790ರಲ್ಲಿ ಬ್ಲಾಖ್ ಎಂಬ ಜರ್ಮನ್ ವೈದ್ಯರು ಇದನ್ನು ವರ್ಣಿಸಿ ಸೂರತ್ತಿನ ಹೆಸರನ್ನಿಟ್ಟರು. 2010ರಲ್ಲಿ ಕೇರಳ ಸರಕಾರ ಇದನ್ನು ತನ್ನ ರಾಜ್ಯಮೀನೆಂದು ಘೋಷಿಸಿತು. ಅಗಲವಾದ ಮೈ, ಬೂದುಮಿಶ್ರಿತ ಹಸಿರು ಬಣ್ಣ, ಅಡ್ಡಕ್ಕೆ ಕೆಲವು ಕಪ್ಪು ಪಟ್ಟೆಗಳು, ಮೈಮೇಲೆ ಮುತ್ತಿನಂಥ ಬಿಳಿ ಚುಕ್ಕೆಗಳು, ಎದೆರೆಕ್ಕೆಯ ಬುಡದಲ್ಲಿ ಕಪ್ಪು ಕಲೆ. ಸಾಮಾನ್ಯವಾಗಿ ಒಂದು ಗೇಣು ಬೆಳೆಯುವುದು, ನಲವತ್ತು ಸೆಂಟಿಮೀಟರು ಮುಟ್ಟುವುದೂ ಉಂಟು. ಇದು ಕಿರು ಜಾತಿಯಲ್ಲ. ಇದರ ಮರಿಗಳನ್ನು ಕಿರು ಜಾತಿಯ ಬೆಲೆಗೆ ಕೊಂಡವನು ಕೊನೆಗೆ ತೊಟ್ಟಿಯನ್ನೇ ಬದಲಾಯಿಸಬೇಕಾಗುತ್ತದೆ.

ಎರಡನೆಯದು ಕಿತ್ತಳೆ ಬಣ್ಣದ ಸ್ಯೂಡೆಟ್ರೋಪ್ಲಸ್ ಮ್ಯಾಕ್ಯುಲೇಟಸ್. ಪೇಟೆಯಲ್ಲಿ ‘ಆರೆಂಜ್ ಕ್ರೋಮೈಡ್’. ಇದೂ ಬ್ಲಾಖ್ ವರ್ಣಿಸಿದ್ದೇ, 1795ರಲ್ಲಿ. 2008ರವರೆಗೆ ಎಟ್ರೋಪ್ಲಸ್ ಕುಲದಲ್ಲಿ ಎಣಿಸಲ್ಪಡುತ್ತಿತ್ತು. ಎಂಟು ಸೆಂಟಿಮೀಟರಿನ ಆಸುಪಾಸಿನದು. ಹೀಗಾಗಿ ನಿಜವಾದ ಕಿರು ಸಿಕ್ಲಿಡ್. ಅಡ್ಡಪಟ್ಟೆಗಳಿಲ್ಲ, ಹಳದಿ ಮೈಯ ಮೇಲೆ ಸಾಲುಸಾಲಾಗಿ ಕೆಂಪು ಚುಕ್ಕೆಗಳು, ಮೈಯ ನಡುವೆ ಎದ್ದು ಕಾಣುವ ಕಪ್ಪು ಬೊಟ್ಟು. ಬೊಟ್ಟೇ ಇಲ್ಲದ ಚಿನ್ನದ ಬಣ್ಣದ ಬಗೆಯೂ ಇದೇ ಜಾತಿ. ಇದರ ಸಂಸಾರ ನೋಡತಕ್ಕದ್ದು: ಮರಿಗಳು ತಂದೆತಾಯಿಗಳ ಮೈಗೆ ಬಂದು ಬಂದು ತಾಗಿ, ಮೈಮೇಲಿನ ಲೋಳೆಯನ್ನು ತಿನ್ನುತ್ತವೆ. ಈ ನಡವಳಿಕೆಯನ್ನು 1967ರಲ್ಲಿ ವಾರ್ಡ್ ಮತ್ತು ಬಾರ್ಲೋ ಎಂಬವರು ವಿವರವಾಗಿ ವರ್ಣಿಸಿದರು. ಕರಿಮೀನಿಗೂ ಇದಕ್ಕೂ ವಿಲಕ್ಷಣವಾದ ನೆರೆತನವಿದೆ. ಈ ಚಿಕ್ಕ ಮೀನು ದೊಡ್ಡದರ ಮೈಯನ್ನು ಶುಚಿಮಾಡುವುದನ್ನು 1972ರಲ್ಲಿ ವೈಮನ್ ಮತ್ತು ವಾರ್ಡ್ ದಾಖಲಿಸಿದ್ದಾರೆ. ಅದೇ ಚಿಕ್ಕದು ಸಮಯ ಸಿಕ್ಕಿದರೆ ದೊಡ್ಡದರ ಮೊಟ್ಟೆಮರಿಗಳನ್ನು ಕದ್ದು ತಿನ್ನುವುದೂ ಸತ್ಯ.

ಮೂರನೆಯದು ಎಟ್ರೋಪ್ಲಸ್ ಕನಾರೆನ್ಸಿಸ್. ಹೆಸರಿನಲ್ಲೇ ಕನ್ನಡ ಜಿಲ್ಲೆಯನ್ನು ಹೊತ್ತ ಮೀನು. ಮದ್ರಾಸ್ ಸೈನ್ಯದಲ್ಲಿ ವೈದ್ಯರಾಗಿದ್ದು, ಭಾರತದ ಮೀನುಗಳ ಬಗ್ಗೆ ಮಹಾಗ್ರಂಥ ಬರೆದ ಫ್ರಾನ್ಸಿಸ್ ಡೇ ಅವರು 1877ರಲ್ಲಿ, ಅಂದಿನ ಸೌತ್ ಕೆನರಾದಿಂದ ದೊರೆತ ಮೀನುಗಳಿಂದ ಇದನ್ನು ವರ್ಣಿಸಿದರು. ಲೋಕದಲ್ಲಿ ಇದರ ವಾಸ ದಕ್ಷಿಣ ಕರ್ನಾಟಕದ ಕೆಲವೇ ಹೊಳೆಗಳಲ್ಲಿ; ಸುಬ್ರಹ್ಮಣ್ಯದ ಮುಂದೆ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವ ಕುಮಾರಧಾರೆ ಅವುಗಳಲ್ಲಿ ಮುಖ್ಯವಾದದ್ದು. ಕರಿಮೀನು ಉಪ್ಪುಮಿಶ್ರಿತ ಹಿನ್ನೀರನ್ನು ಇಷ್ಟಪಟ್ಟರೆ ಇದು ಸಿಹಿನೀರಿನದು. ಹನ್ನೊಂದು ಹನ್ನೆರಡು ಸೆಂಟಿಮೀಟರಿಗೆ ಬೆಳವಣಿಗೆ ಮುಗಿಯುತ್ತದೆ. ಗಾಢವಾದ ಅಡ್ಡಪಟ್ಟೆಗಳ ನಡುವೆ ತೆಳುವಾದ ಬಿಳಿ ಪಟ್ಟೆಗಳು, ಜೊತೆಗೆ ಮುತ್ತಿನ ಚುಕ್ಕೆಗಳು. ಕರಿಮೀನಿನ ಮರಿಯೊಡನೆ ಇದನ್ನು ತಪ್ಪಾಗಿ ಭಾವಿಸುವುದು ಸಹಜ. ಕರಿಮೀನಿನ ಪಟ್ಟೆಗಳು ಹಸಿರುಮಿಶ್ರ ಬೂದಿನಲ್ಲಿ ಮಾಸಿದಂತಿದ್ದರೆ ಇದರ ಕಪ್ಪು ಬಿಳಿಗಳು ಹೆಚ್ಚು ಸ್ಪಷ್ಟ.

ಈ ಮೂರನ್ನೂ ಪರದೇಶದ ಸಿಕ್ಲಿಡ್‌ಗಳಿಂದ ಬೇರ್ಪಡಿಸುವ ಒಂದು ಖಚಿತ ಉಪಾಯವಿದೆ. ಹೊಟ್ಟೆಯ ಹಿಂದಿನ ಗುದರೆಕ್ಕೆಯಲ್ಲಿ ಮುಳ್ಳುಗಳನ್ನು ಎಣಿಸಬೇಕು. ಈ ಲೇಖನದಲ್ಲಿ ಹೇಳಿದ ಅಮೆರಿಕ, ಆಫ್ರಿಕಾಗಳ ಜಾತಿಗಳಲ್ಲಿ ಅವು ಸಾಮಾನ್ಯವಾಗಿ ಮೂರು. ಕರಿಮೀನಿನಲ್ಲಿಯೂ ಆರೆಂಜ್ ಕ್ರೋಮೈಡಿನಲ್ಲಿಯೂ ಹನ್ನೆರಡು ಅಥವಾ ಅದಕ್ಕೂ ಹೆಚ್ಚು. 1952ರಲ್ಲಿ ನಮ್ಮ ದೇಶಕ್ಕೆ ತಂದುಬಿಟ್ಟ ಆಫ್ರಿಕಾದ ತಿಲಾಪಿಯಾ ಇಂದು ಕೆರೆಕೆರೆಗಳಲ್ಲಿ ತುಂಬಿದೆ. ಅದರ ಮರಿಯನ್ನು ಕರಿಮೀನಿನ ಮರಿಯೆಂದು ತಿಳಿದವರು ಈ ಮುಳ್ಳುಗಳನ್ನು ಎಣಿಸಿದರೆ ಸಾಕು.

ಶಿಶಿಲದ ಮತ್ಸ್ಯತೀರ್ಥದಲ್ಲಿ ದೊಡ್ಡ ಮೀನುಗಳಿಗೆ ಅಕ್ಕಿ, ಹೊದಳು ಹಾಕಿ ಕೈಮುಗಿದವರು ನಮ್ಮಲ್ಲಿ ಸಾವಿರಾರು ಮಂದಿ. ದೊಡ್ಡದನ್ನು ದೇವರೆಂದು ಕಾಯ್ದ ಜನಕ್ಕೆ ಈ ಚಿಕ್ಕದು ಹೆಸರಿಲ್ಲದ ‘ಸಣ್ಣ ಮೀನು’. ಹೆಸರಿಲ್ಲದ ಜೀವ ಇಲ್ಲವಾದರೆ ಯಾರು ಕೇಳುವರು? ಕೆಲವೇ ಹೊಳೆಗಳಲ್ಲಿ ಬದುಕುವ ಮೀನಿಗೆ ವಿಷ ಹಾಕಿ ಹಿಡಿಯುವುದು, ಮರಳು ತೆಗೆಯುವುದು, ಅಣೆಕಟ್ಟು ಇವೆಲ್ಲ ಪ್ರಾಣಾಂತಿಕವೇ. ಆದ್ದರಿಂದ ರಜೆಯಲ್ಲಿ ಊರಿಗೆ ಹೋದವರು ಕುಮಾರಧಾರೆಯಲ್ಲಿ ಇದನ್ನು ಕಂಡರೆ ಹಿಡಿದು ತರುವುದು ಬೇಡ. ನೋಡಿ, ಗುರುತಿಸಿ, ಮಕ್ಕಳಿಗೆ ತೋರಿಸಿ, ನೀರಿನಲ್ಲೇ ಬಿಟ್ಟುಬರಲಿ. ತೊಟ್ಟಿಗೆ ಊರಿನ ಮೀನೇ ಬೇಕೆಂಬವರಿಗೆ ತೊಟ್ಟಿಗಳಲ್ಲೇ ಬೆಳೆಸಿದ ಆರೆಂಜ್ ಕ್ರೋಮೈಡ್ ಪೇಟೆಯಲ್ಲಿ ಧಾರಾಳವಾಗಿ ಸಿಕ್ಕುತ್ತದೆ.

ಕೊಳ್ಳುವವರಿಗೆ ಕೆಲವು ಸೂಚನೆಗಳು

ಅಂಗಡಿಗೆ ಹೋದಾಗ ವ್ಯಾಪಾರದ ಹೆಸರನ್ನಲ್ಲ, ಶಾಸ್ತ್ರೀಯ ಹೆಸರನ್ನು ಕೇಳಿ ಬರೆದುಕೊಳ್ಳಬೇಕು. ಹೇಳಲಾರದವನ ಹತ್ತಿರ ಬೆಲೆಯುಳ್ಳ ಮೀನನ್ನು ಕೊಳ್ಳದಿರುವುದು ಒಳ್ಳೆಯದು. ಕೈಯಲ್ಲಿರುವ ಮೊಬೈಲಿನಿಂದ ಪಕ್ಕದ ನೋಟದ ಚಿತ್ರವನ್ನು ತೆಗೆದು, ರೆಕ್ಕೆ ಅರಳಿಸಿದ ಕ್ಷಣಕ್ಕೆ ಕಾದು, ದೊಡ್ಡದು ಮಾಡಿ ನೋಡಿದರೆ ಬಾಲದ ಅಂಚೂ ಬೊಟ್ಟಿನ ಬಣ್ಣವೂ ಸ್ಪಷ್ಟವಾಗುತ್ತವೆ. ಹಣ ಕೊಡುವ ಮೊದಲು ಹತ್ತು ನಿಮಿಷ ತೊಟ್ಟಿಯ ಮುಂದೆ ಸುಮ್ಮನೆ ನಿಂತಿರಬೇಕು. ಹೆದರಿಕೆ ಕಳೆದ ಮೇಲೆ ಮೀನು ತನ್ನ ನಿಜವಾದ ಬಣ್ಣವನ್ನು ತಾನೇ ತೋರಿಸುತ್ತದೆ.

ಜಾತಿ ನಿಶ್ಚಯವಾದ ಮೇಲೆ ನೀರಿನ ವಿಚಾರ. ಎಪಿಸ್ಟೊಗ್ರಾಮಾ ಮತ್ತು ರಾಮ್‌ಗಳು ಮೆದುನೀರಿನ ಮೀನುಗಳು. ಇಗತಪುರಿಯ ಮಳೆನೀರು ಅವುಗಳಿಗೆ ವರದಾನ. ಮೊದಲ ಕೆಲವು ಮಳೆಗಳಲ್ಲಿ ಮಾಡು ತೊಳೆದುಹೋದ ಮೇಲೆ ಶುಚಿಯಾದ ಪಾತ್ರೆಯಲ್ಲಿ ಹಿಡಿದು, ಬಾವಿಯ ನೀರಿನೊಡನೆ ಬೆರಸಿ ಉಪಯೋಗಿಸಬಹುದು. ಆರೆಂಜ್ ಕ್ರೋಮೈಡಿಗಾದರೋ ಗಡುಸು ನೀರು, ಚಿಟಿಕೆ ಉಪ್ಪು ಹಿತ. ಈ ಎರಡು ಬಗೆಯವನ್ನು ಒಂದೇ ತೊಟ್ಟಿಯಲ್ಲಿಟ್ಟರೆ ಯಾರಾದರೊಬ್ಬರು ಕಷ್ಟಪಡುವುದು ನಿಶ್ಚಿತ. ನಳದ ನೀರನ್ನು ಕ್ಲೋರಿನ್ ಹೋಗುವ ಮೊದಲೇ ತೊಟ್ಟಿಗೆ ಸುರಿಯಬಾರದು. ಘಾಟಿನ ಮೇಲಿನವರು ಕಾರ್ತಿಕಕ್ಕೆ ಮೊದಲೇ ನೀರು ಕಾಯಿಸುವ ಕೊಳವೆಯನ್ನೂ ಉಷ್ಣಮಾಪಕವನ್ನೂ ಸಿದ್ಧಪಡಿಸಿಕೊಳ್ಳಬೇಕು. ವಿದ್ಯುತ್ತು ಹೋದ ರಾತ್ರಿ ತೊಟ್ಟಿಗೆ ಕಂಬಳಿ ಹೊದಿಸಿದರೆ ಬಿಸಿ ಬೇಗನೆ ಇಳಿಯುವುದಿಲ್ಲ.

ಕೊನೆಯದಾಗಿ ಒಂದು ಮಾತು. ಕೆಲಸ ಬಿಟ್ಟು ಊರಿಗೆ ಹೊರಟವರು, ಕೋಣೆ ಬದಲಾಯಿಸಿದವರು ತೊಟ್ಟಿಯ ಮೀನನ್ನು ಪುಣ್ಯವೆಂದು ಹೊಳೆಗೋ ಜಲಾಶಯಕ್ಕೋ ಬಿಡುವುದುಂಟು. ಇಗತಪುರಿ ತಾಲೂಕಿನ ನೀರು ಒಂದು ಕಡೆ ದಾರಣೆಯ ಮೂಲಕ ಗೋದಾವರಿಗೂ ಇನ್ನೊಂದು 
ಕಡೆ ವೈತರಣೆಯ ಮೂಲಕ ಪಶ್ಚಿಮ ಸಮುದ್ರಕ್ಕೂ ಹೋಗುವುದು. ಸಹ್ಯಾದ್ರಿಯ ಹೊಳೆಗಳಲ್ಲಿ ಬೇರೆಲ್ಲಿಯೂ ಇಲ್ಲದ ಎಷ್ಟೋ ಮೀನುಗಳಿವೆ. ತಿಲಾಪಿಯಾ ಒಂದು ಮಾಡಿದ ಹಾವಳಿಯೇ ಸಾಕು. ಬೇಡವಾದ ಮೀನನ್ನು ಇನ್ನೊಬ್ಬ ಹವ್ಯಾಸಿಗೆ ಕೊಡಬೇಕು. ಕೊಡುವಾಗ ಅದರ ಸರಿಯಾದ ಹೆಸರನ್ನು, ಅದಕ್ಕೆ ಬೇಕಾದ ನೀರಿನ ಬಿಸಿಯನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕೊಡಬೇಕು. ಅಂಥ ಒಂದು ಚೀಟಿ ಇದ್ದಿದ್ದರೆ ನಮ್ಮ ದೋಸೆಯ ಹುಡುಗನ ಮೀನುಗಳು ಆ ಡಿಸೆಂಬರನ್ನು ದಾಟುತ್ತಿದ್ದವು.